ಬಸ್ ಫ್ರೀ ಅಲ್ವಾ, ಹಾಸ್ಟೆಲ್ ಯಾಕೆ?

ಯೂನಿವರ್ಸಿಟಿಯ ಮೊದಲ ವರ್ಷ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನಾನೇ ಅವರನ್ನು ತಿರುಗಿ ಕೇಳುತ್ತೇನೆ: ಹಾಸ್ಟೆಲ್‌ನಲ್ಲಿದ್ದವರ ಮೊದಲ ವರ್ಷವೋ, ಅಪ್-ಡೌನ್ ಮಾಡಿದವರ ಮೊದಲ ವರ್ಷವೋ? ಒಂದೇ ಕ್ಲಾಸು, ಅದೇ ಮೇಷ್ಟ್ರು, ಅದೇ ಪ್ರಶ್ನೆಪತ್ರಿಕೆ. ಆದರೂ ಎರಡೂ ಬೇರೆ ಬೇರೆ. ನಾನು ಎರಡನ್ನೂ ಕಂಡಿದ್ದೇನೆ. ಎಂಎ ಮೊದಲ ಸೆಮಿಸ್ಟರ್ ಪೂರ್ತಿ ಬಸ್ಸಿನಲ್ಲಿ ಓಡಾಡಿದೆ. ಎರಡನೇ ಸೆಮಿಸ್ಟರ್‌ಗೆ ಹಾಸ್ಟೆಲ್ ಸೇರಿದೆ. ಹಾಗಾಗಿ ನನಗೆ ಎರಡು ಮೊದಲ ವರ್ಷ ಸಿಕ್ಕಿತು ಅಂತಲೂ ಹೇಳಬಹುದು, ಒಂದೂ ಪೂರ್ತಿ ಸಿಗಲಿಲ್ಲ ಅಂತಲೂ ಹೇಳಬಹುದು.

ನಮ್ಮೂರು ಭರಮಸಾಗರದ ಹತ್ತಿರ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್ ದೂರ, ನಾವು ನಡುವೆ ಎಲ್ಲೋ ಇದ್ದೇವೆ. ತಾಲ್ಲೂಕು, ಜಿಲ್ಲೆ ಎರಡೂ ಚಿತ್ರದುರ್ಗ. ಆದರೆ ಮದುವೆ ಬಟ್ಟೆ ತರೋದು, ದೊಡ್ಡ ಆಸ್ಪತ್ರೆಗೆ ಹೋಗೋದು ದಾವಣಗೆರೆಗೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಆಮೇಲೂ ನಮ್ಮ ಕಡೆಯವರ ಓಡಾಟ ಏನೂ ಬದಲಾಗಲಿಲ್ಲ. ಕಾಗದಪತ್ರಕ್ಕೆ ದುರ್ಗ, ಮಿಕ್ಕಿದ್ದಕ್ಕೆಲ್ಲ ದಾವಣಗೆರೆ. ವಿಶ್ವವಿದ್ಯಾಲಯ ಮಾತ್ರ ಎರಡೂ ಜಿಲ್ಲೆಗೆ ಒಂದೇ, ದಾವಣಗೆರೆ ವಿಶ್ವವಿದ್ಯಾಲಯ.

ನಿಜ ಹೇಳಬೇಕೆಂದರೆ ಡಿಗ್ರಿ ಓದುವಾಗಲೂ ನಾನು ಇದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೇ. ಆದರೆ ಆಗ ಅದು ಮಾರ್ಕ್ಸ್ ಕಾರ್ಡಿನ ಮೇಲಿನ ಒಂದು ಲೋಗೋ, ಅಷ್ಟೆ. ನಮ್ಮಲ್ಲಿ ಬಹಳ ಜನಕ್ಕೆ ಹೀಗೇ. ಪರೀಕ್ಷೆ ಬರೆಯೋದು ವಿಶ್ವವಿದ್ಯಾಲಯದ್ದು, ಆದರೆ ಅದರ ಗೇಟು ನೋಡೋದು ಎಂಎ, ಎಂಕಾಂಗೆ ಸೇರಿದ ಮೇಲೆ. ನಮ್ಮ ಡಿಗ್ರಿ ಕಾಲೇಜಿನ ಒಬ್ಬ ಹಿರಿಯ ಮೇಷ್ಟ್ರು ಈಗಲೂ ಅದರ ಶಿವಗಂಗೋತ್ರಿ ಕ್ಯಾಂಪಸ್ಸನ್ನು 'ಪಿಜಿ ಸೆಂಟರ್' ಅಂತಲೇ ಕರೆಯುತ್ತಾರೆ. ಅವರದ್ದೇನೂ ತಪ್ಪಲ್ಲ. ತೋಳಹುಣಸೆ ಹತ್ತಿರದ ಈ ಜಾಗ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಕೈಗೆ ಹೋಯಿತು. ದಾವಣಗೆರೆ ವಿಶ್ವವಿದ್ಯಾಲಯ ಅಂತ ಹೆಸರಾದದ್ದು 2009ರಲ್ಲಿ. ಅಂದರೆ ಮೇಷ್ಟ್ರು ಓದುವಾಗ ಅದು ನಿಜಕ್ಕೂ ಪಿಜಿ ಸೆಂಟರೇ ಆಗಿತ್ತು. ದುರ್ಗದ ಕಡೆ ಗುಡ್ಡದ ರಂಗವ್ವನಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಅಂತ ಇನ್ನೊಂದು ಕ್ಯಾಂಪಸ್ಸೂ ಇದೆ. ನನಗೆ ಸೀಟು ಸಿಕ್ಕಿದ್ದು ಶಿವಗಂಗೋತ್ರಿಯಲ್ಲಿ, ಅರ್ಥಶಾಸ್ತ್ರಕ್ಕೆ.

ಬಿಎಯಲ್ಲಿ ನನ್ನದು ಎಚ್ಇಪಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ನಮ್ಮ ಸುತ್ತಲಿನ ಸರ್ಕಾರಿ ಕಾಲೇಜುಗಳಲ್ಲಿ ಹುಡುಗಿಯರು ತೆಗೆದುಕೊಳ್ಳೋದು ಜಾಸ್ತಿ ಇದನ್ನೇ. ಮೇಷ್ಟ್ರು ನೋಟ್ಸ್ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು, ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಿದ್ದೆವು. ಇದನ್ನು ಹಂಗಿಸಿ ಹೇಳುತ್ತಿಲ್ಲ. ಆ ನೋಟ್ಸೇ ನನ್ನನ್ನು ಇಲ್ಲಿವರೆಗೆ ತಂದಿದ್ದು.

ಎಂಎಯಲ್ಲಿ ಯಾರೂ ನೋಟ್ಸ್ ಹೇಳುವುದಿಲ್ಲ. ಅದು ಮೊದಲ ವಾರವೇ ಗೊತ್ತಾಗುತ್ತದೆ, ಹೇಗೋ ಹೊಂದಿಕೊಂಡೂ ಬಿಡುತ್ತೇವೆ. ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕು ಅನ್ನುವ ಭಯವೂ ದೊಡ್ಡದೇ. ಆದರೆ ಅದು ಎಲ್ಲರಿಗೂ ಇರುವುದರಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡು ದಾಟುತ್ತೇವೆ. ನನಗೆ ನಿಜವಾಗಿ ಕಾಲಡಿಯ ನೆಲ ಸರಿದ ಹಾಗಾಗಿದ್ದು ಬೋರ್ಡಿನ ಮೇಲೆ ಲೆಕ್ಕ ಕಂಡಾಗ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಅರ್ಥಶಾಸ್ತ್ರ ಎಂಎಗೆ ಬರುವ ಕನ್ನಡ ಮಾಧ್ಯಮದ ಆರ್ಟ್ಸ್ ಹುಡುಗ ಹುಡುಗಿಯರಿಗೆ ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಎಸ್ಎಸ್ಎಲ್‌ಸಿ ಮುಗಿದ ಮೇಲೆ ನಾನು ಗಣಿತ ಮುಟ್ಟಿರಲಿಲ್ಲ. ಪಿಯುಸಿಯಿಂದ 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ'ವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದೇ ವಸ್ತು ಮತ್ತೆ ಮತ್ತೆ ಸಿಕ್ಕಷ್ಟೂ ಅದರಿಂದ ಹೊಸದಾಗಿ ಸಿಗುವ ತೃಪ್ತಿ ಕಡಿಮೆಯಾಗುತ್ತಾ ಹೋಗುತ್ತದೆ ಅನ್ನುವ ನಿಯಮ ಅದು. ವ್ಯಾಖ್ಯೆ, ಕೋಷ್ಟಕ, ರೇಖಾಚಿತ್ರ, ಮಿತಿಗಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಇಲ್ಲಿ ಮೇಡಂ ಅದನ್ನು ಎರಡೇ ಸಾಲಿನಲ್ಲಿ ಬರೆದು ಮುಗಿಸಿದರು. ಡಿಯು ಬೈ ಡಿಎಕ್ಸ್ ಸೊನ್ನೆಗಿಂತ ಹೆಚ್ಚು, ಎರಡನೇ ಡೆರಿವೇಟಿವ್ ಸೊನ್ನೆಗಿಂತ ಕಡಿಮೆ. 'ಇದು ನಿಮಗೆಲ್ಲ ಗೊತ್ತಿರೋದೇ' ಅಂದು ಮುಂದಕ್ಕೆ ಹೋದರು. ನನಗೆ ಗೊತ್ತಿದ್ದದ್ದೇ ಹೌದು. ಆದರೆ ಬೋರ್ಡಿನ ಮೇಲೆ ಇದ್ದದ್ದು ಅದೇ ಅಂತ ಮಾತ್ರ ಗೊತ್ತಾಗಲಿಲ್ಲ.

ನನ್ನ ಪಕ್ಕ ಕೂರುತ್ತಿದ್ದವಳು ಹರಿಹರದ ಹುಡುಗಿ. ಪಿಯುಸಿಯಲ್ಲಿ ಸೈನ್ಸ್ ಓದಿ, ಆಮೇಲೆ ಯಾಕೋ ಬೇಡವೆನಿಸಿ ಬಿಎಗೆ ಬಂದವಳು. ಅವಳಿಗೆ ಡೆರಿವೇಟಿವ್ ನೀರು ಕುಡಿದಷ್ಟು ಸುಲಭ. ಒಂದು ಮಧ್ಯಾಹ್ನ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಹೇಳಿಕೊಟ್ಟಳು. 'ಒಂದು ಮೆಣಸಿನಕಾಯಿ ತಿಂದೆ, ಖುಷಿ ಎಷ್ಟು ಏರಿತು? ಆ ಏರಿಕೆಯೇ ಮೊದಲನೇ ಡೆರಿವೇಟಿವ್. ಎರಡನೇದು ತಿಂದೆ, ಖುಷಿ ಏರಿತು, ಆದರೆ ಮೊದಲಿನಷ್ಟು ಏರಲಿಲ್ಲ. ಏರೋದೇ ಕಮ್ಮಿ ಆಗ್ತಾ ಬಂತಲ್ಲ, ಅದಕ್ಕೇ ಎರಡನೇ ಡೆರಿವೇಟಿವ್ ಮೈನಸ್.' ಅಷ್ಟೇನಾ ಅಂದೆ. ಅಷ್ಟೆ ಅಂದಳು. ದಾವಣಗೆರೆ ಅಂದರೆ ಎಲ್ಲರೂ ಬೆಣ್ಣೆ ದೋಸೆ ಅಂತಾರೆ. ನಮ್ಮಂಥ ವಿದ್ಯಾರ್ಥಿಗಳ ಊರು ನಡೆಯೋದು ಮಂಡಕ್ಕಿಯ ಮೇಲೆ.

ಅವಳ ಹತ್ತಿರ ಮಿಕ್ಕಿದ್ದನ್ನೂ ಕಲಿಯಬಹುದಿತ್ತು. ತೊಂದರೆ ಏನೆಂದರೆ ಅವಳು ಹಾಸ್ಟೆಲ್. ಹಾಸ್ಟೆಲ್‌ನವರು ಒಟ್ಟಿಗೆ ಕೂತು ಓದುತ್ತಿದ್ದದ್ದು ರಾತ್ರಿ ಊಟವಾದ ಮೇಲೆ. ಅವರು ಪುಸ್ತಕ ತೆಗೆಯುವ ಹೊತ್ತಿಗೆ ನಾನು ಮನೆಯಲ್ಲಿ ಪಾತ್ರೆ ತೊಳೆದು ಮಲಗಲು ನೋಡುತ್ತಿದ್ದೆ.

ಹಾಗಾದರೆ ನಾನೂ ಹಾಸ್ಟೆಲ್ ಸೇರಬಹುದಿತ್ತಲ್ಲ? ಮನೆಯಲ್ಲಿ ಕೇಳಿದೆ. ಅಪ್ಪ ಹೇಳಿದ್ದು ಇಷ್ಟೇ: 'ಬಸ್ ಫ್ರೀ ಅಲ್ವೇನವ್ವ, ಹಾಸ್ಟೆಲ್ ಯಾಕೆ?'

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ನಾನು ಡಿಗ್ರಿ ಮುಗಿಸಿದ ವರ್ಷ. ಅದಿಲ್ಲದಿದ್ದರೆ ನಾನು ಎಂಎಗೆ ಸೇರುತ್ತಲೇ ಇರಲಿಲ್ಲವೇನೋ. ನನಗಿಂತ ಮೂರು ವರ್ಷ ದೊಡ್ಡವಳಾದ ನಮ್ಮ ದೊಡ್ಡಪ್ಪನ ಮಗಳು ನನಗಿಂತ ಚೆನ್ನಾಗಿ ಓದುತ್ತಿದ್ದಳು. ದಿನಾ ಬಸ್ ಚಾರ್ಜ್ ಯಾರು ಕೊಡ್ತಾರೆ ಅನ್ನುವ ಮಾತಿಗೆ ಅವಳ ಓದು ಡಿಗ್ರಿಗೆ ನಿಂತಿತು. ನನ್ನ ಹೊತ್ತಿಗೆ ಆ ಮಾತು ಆಡಲು ಯಾರಿಗೂ ಜಾಗವಿರಲಿಲ್ಲ. ಆದ್ದರಿಂದ ಫ್ರೀ ಬಸ್ಸಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಬಸ್ಸು ನನ್ನನ್ನು ಯೂನಿವರ್ಸಿಟಿಗೆ ತಲುಪಿಸಿತು. ಆದರೆ ಅದೇ ಬಸ್ಸು ಇದೆ ಅನ್ನುವ ಕಾರಣಕ್ಕೆ ಯೂನಿವರ್ಸಿಟಿಯ ಅರ್ಧ ಭಾಗ ನನ್ನ ಕೈಗೆ ಸಿಗಲಿಲ್ಲ. ಎರಡೂ ನಿಜ.

ದಿನ ಹೇಗಿರುತ್ತಿತ್ತು ಅಂದರೆ, ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು. ಊರಿಂದ ಆಪೆ ಆಟೊದಲ್ಲಿ ಹೈವೇವರೆಗೆ. ಅಲ್ಲಿ ದಾವಣಗೆರೆ ಬಸ್ಸು. ಕೆಲವು ಎಕ್ಸ್‌ಪ್ರೆಸ್‌ಗಳು ಕೈ ಅಡ್ಡ ಹಾಕಿದರೂ ನಿಲ್ಲುತ್ತಿರಲಿಲ್ಲ. ನಿಂತವು ತುಂಬಿರುತ್ತಿದ್ದವು. ಆಧಾರ್ ಕಾರ್ಡ್ ಕೈಯಲ್ಲೇ ಹಿಡಿದು, ಬ್ಯಾಗು ಎದೆಗವಚಿಕೊಂಡು ಆನಗೋಡುವರೆಗೆ ನಿಂತೇ ಹೋಗಬೇಕು. ದಾವಣಗೆರೆಯಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿದು ತೋಳಹುಣಸೆ. ಹತ್ತಕ್ಕೆ ಕ್ಲಾಸು. ಸಂಜೆ ಅದೇ ಉಲ್ಟಾ. ಸಂಜೆ ದಾರಿ ಯಾವಾಗಲೂ ಬೆಳಗಿನದ್ದಕ್ಕಿಂತ ಉದ್ದ.

ಕ್ಲಾಸಿನಲ್ಲಿ ಆಪರ್ಚುನಿಟಿ ಕಾಸ್ಟ್ ಪಾಠ ಬಂದಾಗ ನನಗೆ ಒಳಗೊಳಗೇ ನಗು ಬಂತು. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದೇ ಅದರ ನಿಜವಾದ ಬೆಲೆ. ಟಿಕೆಟಿನ ಮೇಲೆ ಸೊನ್ನೆ ಅಂತ ಇದ್ದರೂ ದಿನಕ್ಕೆ ಐದು ಗಂಟೆಯಷ್ಟು ನಾನು ಕೊಡುತ್ತಿದ್ದೆ. ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಮೆಕ್ಕೆಜೋಳ, ಈರುಳ್ಳಿ ಬೆಳೆಯುವವರು. ಈ ಲೆಕ್ಕ ನನಗಿಂತ ಚೆನ್ನಾಗಿ ಬಲ್ಲವರು. ಆದರೂ ಮಗಳ ವಿಷಯಕ್ಕೆ ಬಂದಾಗ ಅವರ ಲೆಕ್ಕದಲ್ಲಿ ಇನ್ನೊಂದು ಸಾಲು ಇತ್ತು. ಸಂಜೆ ಮಗಳು ಮನೆಯಲ್ಲಿರುತ್ತಾಳೆ ಅನ್ನುವ ನೆಮ್ಮದಿ. ಅದಕ್ಕೆ ಬೆಲೆ ಕಟ್ಟುವುದು ಹೇಗೆ ಅಂತ ನಮ್ಮ ಸಿಲೆಬಸ್‌ನಲ್ಲಿ ಇರಲಿಲ್ಲ.

ಅದರ ಮಧ್ಯೆ ಸರ್ಕಾರದ ಯುವನಿಧಿ ಯೋಜನೆ ಬಂತು. 2023ರ ಡಿಸೆಂಬರ್ ಕೊನೆಯಲ್ಲಿ ಅರ್ಜಿ ಶುರುವಾಯಿತು. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿ, ಎರಡು ವರ್ಷದವರೆಗೆ. ಮುಂದೆ ಓದುತ್ತಿರುವವರಿಗೆ ಇಲ್ಲ. ನಮ್ಮ ಬೀದಿಯ ಚಿಕ್ಕಮ್ಮ ಒಬ್ಬರು ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿಯೇಬಿಟ್ಟರು. 'ಸುಮ್ನೆ ಮನೇಲಿದ್ರೆ ಮೂರು ಸಾವಿರ ಬರ್ತಿತ್ತು ಕಣೆ. ನೀನು ನೋಡಿದ್ರೆ ಫೀಸು ಕಟ್ಟಿ ಬಸ್ಸಲ್ಲಿ ಜೋತಾಡ್ತಿದೀಯ.' ಎರಡು ವರ್ಷಕ್ಕೆ 72,000. ಆ ಅಂಕಿ ಒಂದಷ್ಟು ದಿನ ತಲೆಯಲ್ಲಿ ಕೊರೆಯಿತು. ಎಂಎ ಮಾಡಿದ ಮೇಲೆ ಏನು ಸಿಗುತ್ತದೆ ಅಂತ ಚಿಕ್ಕಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಬಸ್ಸಿನಲ್ಲಿ ಕಳೆದ ಹೊತ್ತೆಲ್ಲ ದಂಡ ಅಂತಲೂ ಹೇಳಲಾರೆ. ನಮ್ಮ ಬಸ್ಸಿನಲ್ಲಿ ಸೊಪ್ಪು, ಹೂವು ಮಾರಲು ಹೋಗುವ ಹೆಂಗಸರಿರುತ್ತಿದ್ದರು. ಅವರಿಗೆ ಟಿಕೆಟ್ ಇಲ್ಲ, ದೊಡ್ಡ ಮೂಟೆ ತಂದರೆ ಮಾತ್ರ ಲಗೇಜ್ ಚಾರ್ಜ್ ಕೇಳುತ್ತಾರೆ. ಅದಕ್ಕೊಂದು ದಿನಾ ಜಗಳ. ಒಬ್ಬ ಅಜ್ಜಿ ದೊಡ್ಡ ಮೂಟೆಯನ್ನು ಮೂರು ಚಿಕ್ಕ ಗಂಟು ಮಾಡಿ, ಪರಿಚಯವಿದ್ದ ನಮ್ಮಂಥ ಹುಡುಗಿಯರ ಕಾಲ ಬಳಿ ಒಂದೊಂದು ಇಟ್ಟುಬಿಡುತ್ತಿದ್ದರು. ಕಂಡಕ್ಟರ್ ಕೇಳಿದರೆ 'ನಮ್ಮ ಮೊಮ್ಮಗಳದಪ್ಪ' ಅನ್ನುತ್ತಿದ್ದರು. ಚಾರ್ಜು ಉಳಿದರೆ ನಮಗೆ ಎರಡೆರಡು ಮಲ್ಲಿಗೆ ಮೊಗ್ಗು. ಟಿಕೆಟಿನ ಹಣ ಉಳಿದದ್ದರಿಂದ ಈ ಹೆಂಗಸರಿಗೆ ಏನು ಬದಲಾಯಿತು ಅನ್ನುವುದನ್ನು ಒಂದು ಪ್ರಾಜೆಕ್ಟ್ ಮಾಡಬಹುದು ಅಂತ ನನಗೆ ಹೊಳೆದದ್ದು ಆ ಬಸ್ಸಿನಲ್ಲೇ. ಆದರೆ ಪ್ರಾಜೆಕ್ಟ್ ಅಂದರೆ ಏನು, ಯಾರನ್ನು ಕೇಳಬೇಕು, ಪ್ರಶ್ನಾವಳಿ ಹೇಗೆ ಮಾಡಬೇಕು ಅನ್ನುವುದು ಗೊತ್ತಾದದ್ದು ಬಸ್ ಬಿಟ್ಟ ಮೇಲೆ.

ಯೂನಿವರ್ಸಿಟಿಯ ಒಂದು ದೊಡ್ಡ ಭಾಗ ನಡೆಯುವುದು ಕ್ಲಾಸ್ ಮುಗಿದ ಮೇಲೆ. ನಾಲ್ಕು ಗಂಟೆಯ ನಂತರ ಲೈಬ್ರರಿಯಲ್ಲಿ ಜಾಗ ಇರುತ್ತದೆ. ಸೀನಿಯರ್ ಅಕ್ಕಂದಿರು ಬಿಡುವಾಗಿರುತ್ತಾರೆ. ಹಳೇ ಪ್ರಶ್ನೆಪತ್ರಿಕೆ ಯಾರ ಹತ್ತಿರ ಇದೆ, ಕಾಲೇಜು ಮೇಷ್ಟ್ರಾಗುವ ಅರ್ಹತೆಗೆ ಬರೆಯುವ ಕೆ-ಸೆಟ್ ಪರೀಕ್ಷೆಗೆ ಯಾವಾಗಿಂದ ಓದಬೇಕು, ಯಾವ ಸ್ಕಾಲರ್‌ಶಿಪ್‌ಗೆ ಯಾವ ದಾಖಲೆ ಮೊದಲೇ ಮಾಡಿಸಿಟ್ಟುಕೊಳ್ಳಬೇಕು, ಇದ್ಯಾವುದನ್ನೂ ನೋಟಿಸ್ ಬೋರ್ಡಿನಲ್ಲಿ ಹಾಕುವುದಿಲ್ಲ. ಟೀ ಕುಡಿಯುವಾಗ ಕಿವಿಗೆ ಬೀಳುತ್ತದೆ. ಅಪ್-ಡೌನ್ ಮಾಡುವವರ ಕಿವಿಗೆ ಬೀಳುವುದು ಬಸ್ಸಿನ ಹಾರ್ನು. ಸೆಮಿನಾರ್ ಗುಂಪು ಮಾಡುವುದೂ ಅದೇ ಹೊತ್ತಿನಲ್ಲಿ. ರಾತ್ರಿ ವಾಟ್ಸಾಪ್ ನೋಡಿದರೆ ಎಲ್ಲ ತೀರ್ಮಾನವಾಗಿರುತ್ತಿತ್ತು. ಯಾರೂ ಬೇಕಂತ ಬಿಟ್ಟದ್ದಲ್ಲ. ಆ ಹೊತ್ತಿಗೆ ನಾವು ಅಲ್ಲಿರಲಿಲ್ಲ, ಅಷ್ಟೆ.

ಹಾಜರಾತಿ ನನ್ನದು ಚೆನ್ನಾಗಿಯೇ ಇತ್ತು. ಬೇಕಿದ್ದ 75ಕ್ಕಿಂತ ಎಷ್ಟೋ ಮೇಲೆ. ಕಾಗದದ ಮೇಲೆ ನನಗೂ ಹರಿಹರದವಳಿಗೂ ವ್ಯತ್ಯಾಸವೇ ಇರಲಿಲ್ಲ.

ಎರಡನೇ ಸೆಮಿಸ್ಟರ್‌ಗೆ ಹಾಸ್ಟೆಲ್ ಸಿಕ್ಕಿದ್ದು ನನ್ನ ವಾದದಿಂದೇನೂ ಅಲ್ಲ. ಅಮ್ಮ ಒಂದು ದಿನ ದಾವಣಗೆರೆಗೆ ಆಸ್ಪತ್ರೆಗೆ ಅಂತ ನನ್ನ ಜೊತೆಗೇ ಬಂದರು. ನಾನು ದಿನಾ ಹೋಗುವ ಬಸ್ಸಿನಲ್ಲಿ, ದಿನಾ ನಿಲ್ಲುವ ಜಾಗದಲ್ಲಿ ನಿಂತು ಬಂದರು. ಸಂಜೆ ಅದೇ ರೀತಿ ವಾಪಸ್ಸು. ಮನೆಗೆ ಬಂದವರು ಕೈಕಾಲು ತೊಳೆದು, ಅಪ್ಪನ ಮುಂದೆ ನಿಂತು, 'ಇವಳನ್ನ ಹಾಸ್ಟೆಲ್‌ಗೆ ಹಾಕ್ರಿ' ಅಂದರು. ಅಪ್ಪ ಯಾಕೆ ಅಂತ ಕೇಳಲಿಲ್ಲ.

ಹಾಸ್ಟೆಲ್ ಸೇರಿದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲ ವಾರಗಳಲ್ಲಿ ನಾಲ್ಕರಿಂದ ಎಂಟರವರೆಗಿನ ಹೊತ್ತನ್ನು ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಇಷ್ಟು ದಿನ ಬೇಕು ಬೇಕು ಅಂದದ್ದು ಅದೇ ಹೊತ್ತು. ಸಿಕ್ಕಿದ ಮೇಲೆ ಮಂಚದ ಮೇಲೆ ಕೂತು ಫೋನ್ ನೋಡುತ್ತಿದ್ದೆ. ಮನೆಯಲ್ಲಿ ಸಂಜೆ ಅಂದರೆ ಎಮ್ಮೆ ಹಾಲು, ಕಸ, ಒಲೆ, ಅಡುಗೆ. ಯಾರೋ ಒಬ್ಬರು ಏನಾದರೂ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಇಲ್ಲಿ ಯಾರೂ ಏನೂ ಹೇಳುವುದಿಲ್ಲ. ಇಪ್ಪತ್ತೊಂದು ವರ್ಷವಾದ ಮೇಲೆ ಮೊದಲ ಸಲ ಒಂದು ಸಂಜೆಗೆ ನಾನೇ ಯಜಮಾನಿ. ಅದಕ್ಕೆ ಹೊಂದಿಕೊಳ್ಳುವುದು ಡೆರಿವೇಟಿವ್‌ಗಿಂತ ಕಷ್ಟವಾಯಿತು.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲ ಹಾಸ್ಟೆಲ್‌ನ ಸಾರೂ ಒಂದೇ. ನಮ್ಮ ರೂಮಿನಲ್ಲಿ ಹೊಸದುರ್ಗದ ಕಡೆಯವಳಿಗೆ ಮುದ್ದೆ ಇಲ್ಲದಿದ್ದರೆ ಊಟವಾದ ಹಾಗಲ್ಲ, ಹರಪನಹಳ್ಳಿಯವಳಿಗೆ ಜೋಳದ ರೊಟ್ಟಿ ಬೇಕು. ಸಿಗುತ್ತಿದ್ದದ್ದು ಇಬ್ಬರಿಗೂ ಬೇಡವಾದ ಅನ್ನ. ಊರಿಂದ ಬಂದ ಶೇಂಗಾ ಚಟ್ನಿಪುಡಿಯಿಂದ ಹೇಗೋ ಶಾಂತಿ ಕಾಪಾಡಿಕೊಂಡೆವು.

ಮೆಲ್ಲಗೆ ಸಂಜೆಗೆ ಒಂದು ಆಕಾರ ಬಂತು. ಐದರವರೆಗೆ ಲೈಬ್ರರಿ. ಆಮೇಲೆ ಕ್ಯಾಂಪಸ್ಸಿನಲ್ಲಿ ಒಂದು ಸುತ್ತು ನಡಿಗೆ. ರಾತ್ರಿ ಊಟದ ನಂತರ ಹರಿಹರದವಳ ರೂಮಿನಲ್ಲಿ ಲೆಕ್ಕ. ನಮ್ಮ ಸೀನಿಯರ್ ಅಕ್ಕ ಒಬ್ಬರು ಸಂಶೋಧನಾ ಲೇಖನವನ್ನು ಓದುವುದು ಹೇಗೆ ಅಂತ ತೋರಿಸಿದರು. ಮೊದಲಿಂದ ಕೊನೆಯವರೆಗೆ ಓದಲೇಬೇಡ, ಸಾರಾಂಶ ಓದು, ಕೊನೆ ಓದು, ಆಮೇಲೆ ಕೋಷ್ಟಕ ನೋಡು, ಬೇಕನಿಸಿದರೆ ಮಾತ್ರ ಮಧ್ಯಕ್ಕೆ ಹೋಗು. ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಬೇರೆ ವಿಶ್ವವಿದ್ಯಾಲಯದವರ ಪಿಎಚ್‌ಡಿ ಪ್ರಬಂಧಗಳನ್ನು ದುಡ್ಡಿಲ್ಲದೆ ಓದಬಹುದು ಅಂತ ಹೇಳಿದ್ದೂ ಅವರೇ. ಅರ್ಧ ಗಂಟೆಯ ಮಾತು ಅದು. ಮೊದಲ ಸೆಮಿಸ್ಟರ್‌ನಲ್ಲೇ ಗೊತ್ತಾಗಿದ್ದರೆ ಎಷ್ಟು ರಾತ್ರಿಗಳ ಒದ್ದಾಟ ಉಳಿಯುತ್ತಿತ್ತೋ.

ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಊರಿಗೆ ಹೋಗಿ ಬಂದೆ. ಆಳು ಸಿಗುವುದಿಲ್ಲ, ಹೋಗಲೇಬೇಕು. ಅದರ ಬಗ್ಗೆ ನನಗೆ ಬೇಸರವಿಲ್ಲ. ಹಾಸ್ಟೆಲ್‌ನಲ್ಲಿರುವ ನಮ್ಮಲ್ಲಿ ಬಹಳ ಜನ ಹೀಗೆ ಅರ್ಧ ಊರಿನವರೇ. ಪಟ್ಟಣದ ಹುಡುಗಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಕಾಣಲಿ.

ಈಗ ನಾನು ಎರಡನೇ ವರ್ಷ. ಈ ಸಲ ಸೇರಿದ ಜೂನಿಯರ್‌ಗಳಲ್ಲಿ ಅಪ್-ಡೌನ್ ಹುಡುಗಿಯರು ನಮ್ಮ ಬ್ಯಾಚಿಗಿಂತ ಜಾಸ್ತಿ ಇದ್ದಾರೆ. ಜಗಳೂರಿನವರು, ಹೊಳಲ್ಕೆರೆಯವರು, ಚನ್ನಗಿರಿ ಕಡೆಯವರು. ಅವರಿಗೆ 'ಹಾಸ್ಟೆಲ್ ಸೇರಿ' ಅಂತ ಹೇಳುವುದು ಸುಲಭ, ಆದರೆ ಉಪಯೋಗವಿಲ್ಲ. ಎಲ್ಲರಿಗೂ ಸೀಟು ಇಲ್ಲ. ಕೆಲವರಿಗೆ ಮನೆಯಲ್ಲಿ ಮಗು ಇದೆ. ಕೆಲವರ ಮನೆಯವರು ಒಪ್ಪುವುದೇ ಇಲ್ಲ, ಜಾಸ್ತಿ ಒತ್ತಾಯ ಮಾಡಿದರೆ ಓದೇ ನಿಂತುಬಿಡಬಹುದು. ನಾನು ಅವರಿಗೆ ಹೇಳುವುದು ಬೇರೆ. ವಾರದಲ್ಲಿ ಒಂದು ಸಂಜೆಯಾದರೂ ಮುಂದಿನ ಬಸ್ಸಿಗೆ ಹೋಗಿ. ಆ ಒಂದು ಗಂಟೆಯಲ್ಲಿ ಓದಲೇಬೇಡಿ, ಸುಮ್ನೆ ಯಾರ ಜೊತೆಗಾದರೂ ಟೀ ಕುಡಿಯಿರಿ. ಮನೆಯವರಿಗೆ ಬೇಕಾದರೆ ಎಕ್ಸ್‌ಟ್ರಾ ಕ್ಲಾಸ್ ಅಂತಲೇ ಹೇಳಿ. ಅದೇನೂ ಸುಳ್ಳಲ್ಲ.

ಆದರೆ ಎಲ್ಲವನ್ನೂ ಹುಡುಗಿಯರ ತಲೆ ಮೇಲೇ ಹಾಕುವುದು ಸರಿಯಲ್ಲ. ಕ್ಲಾಸಿನ ಅರ್ಧ ಜನ ಬಸ್ಸಿನಲ್ಲಿ ಬರುತ್ತಾರೆ ಅಂತ ಗೊತ್ತಿದ್ದೂ ಒಳ್ಳೆಯದನ್ನೆಲ್ಲ ನಾಲ್ಕು ಗಂಟೆಯ ಮೇಲೆ ಇಟ್ಟರೆ ಹೇಗೆ? ನಾವು ಕೆಲವರು ಸೇರಿ ಸರ್ ಹತ್ತಿರ ಹೋಗಿ ಕೇಳಿದೆವು. ಹೊರಗಿನಿಂದ ಬರುವವರ ವಿಶೇಷ ಉಪನ್ಯಾಸವನ್ನು ಊಟಕ್ಕೆ ಮುಂಚೆ ಇಡಿ, ಸೆಮಿನಾರ್ ಗುಂಪುಗಳನ್ನು ಕ್ಲಾಸಿನಲ್ಲೇ ಮಾಡಿ. ಸರ್ ಎರಡನೆಯದಕ್ಕೆ ತಕ್ಷಣ ಒಪ್ಪಿದರು. ಮೊದಲನೆಯದಕ್ಕೆ ತಲೆ ಕೆರೆದುಕೊಂಡು, 'ಬರೋ ಮೇಷ್ಟ್ರೂ ಬಸ್ಸಲ್ಲೇ ಬರ್ತಾರಲ್ಲಮ್ಮ, ಅವರು ತಲುಪೋದೇ ಮಧ್ಯಾಹ್ನ' ಅಂದರು. ನಾವೂ ನಕ್ಕೆವು. ಮುಂದಿನ ತಿಂಗಳದ್ದನ್ನು ಹನ್ನೆರಡಕ್ಕೆ ಇಟ್ಟಿದ್ದಾರೆ. ಬರುವವರಿಗೆ ಹಿಂದಿನ ರಾತ್ರಿಯೇ ಬಂದು ಗೆಸ್ಟ್ ಹೌಸ್‌ನಲ್ಲಿ ಉಳಿಯಲು ಹೇಳಿದ್ದಾರಂತೆ.